ಪಂದ್ಯ ಎಷ್ಟು ಗಂಟೆಗೆ?

ಕಾಲೇಜು ಮಟ್ಟದ ಬ್ಯಾಸ್ಕೆಟ್‌ಬಾಲ್ ಕೂಟಗಳಿಗೆ ಭಾರತದಲ್ಲಿ ನೋಡುಗರಿಲ್ಲ ಎಂಬ ಮಾತು ಬಹುಕಾಲದಿಂದ ಚಾಲ್ತಿಯಲ್ಲಿದ್ದು, ನೋಡುಗರಿಲ್ಲದ್ದರಿಂದ ಪ್ರಸಾರವಿಲ್ಲ, ಪ್ರಸಾರವಿಲ್ಲದ್ದರಿಂದ ಪ್ರಾಯೋಜಕರಿಲ್ಲ, ಪ್ರಾಯೋಜಕರಿಲ್ಲದ್ದರಿಂದ ಕೂಟಗಳು ಹೇಗೋ ನಡೆದುಹೋಗುತ್ತವೆ ಎಂಬ ವಾದಸರಣಿ ಅದರಿಂದಲೇ ಹುಟ್ಟಿಕೊಂಡಿದೆ. ಈ ಸರಣಿಯ ಮೊದಲ ಕೊಂಡಿಯೇ ದುರ್ಬಲವಾದದ್ದು. ಪಂದ್ಯ ಯಾವ ದಿನ, ಯಾವ ಅಂಕಣದಲ್ಲಿ, ಎಷ್ಟು ಗಂಟೆಗೆ ಶುರುವಾಗುತ್ತದೆ ಎಂಬುದು ಮುಂಚಿತವಾಗಿ ತಿಳಿಯದ ಕಡೆ ನೋಡುಗರನ್ನು ಎಣಿಸುವುದಕ್ಕೆ ಅರ್ಥವಿಲ್ಲ. ಬಾಗಿಲು ತೆರೆಯುವ ಹೊತ್ತನ್ನು ಹೇಳದ ಅಂಗಡಿಯವನು ಗಿರಾಕಿ ಬರಲಿಲ್ಲವೆಂದು ಊರನ್ನು ದೂರಿದರೆ ಅದನ್ನು ಯಾರೂ ಒಪ್ಪುವುದಿಲ್ಲ. ಪ್ರಸಾರದ ಪ್ರಶ್ನೆಗಿಂತ ಮೊದಲು ಬರುವುದು ವೇಳಾಪಟ್ಟಿಯ ಪ್ರಶ್ನೆ, ಮತ್ತು ಅದನ್ನು ಬಗೆಹರಿಸಲು ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಶಿಸ್ತು.

ಈ ವಿಚಾರವನ್ನು ಒರೆಗೆ ಹಚ್ಚಲು ದೆಹಲಿಯ ಹೌಜ್ ಖಾಸ್‌ನಷ್ಟು ತಕ್ಕ ಜಾಗ ಇನ್ನೊಂದು ಸಿಗುವುದು ಕಷ್ಟ. ‘ಹೌಜ್’ ಎಂದರೆ ನೀರಿನ ಕೊಳ, ‘ಖಾಸ್’ ಎಂದರೆ ಅರಸನಿಗೆ ಸೇರಿದ್ದು. ಉತ್ತರ ಕರ್ನಾಟಕದಲ್ಲಿ ನೀರಿನ ತೊಟ್ಟಿಗೆ ‘ಹೌದು’ ಎನ್ನುವ ಮಾತೂ ಇದೇ ಮೂಲದಿಂದ ಬಂದದ್ದು. ಅಲ್ಲಾವುದ್ದೀನ್ ಖಿಲ್ಜಿ ಸಿರಿ ಕೋಟೆಯ ಜನರಿಗಾಗಿ ತೋಡಿಸಿದ ಈ ಕೆರೆಯ ದಂಡೆಯಲ್ಲಿ ಫಿರೋಜ್ ಷಾ ತುಘಲಕ್ 1352ರಲ್ಲಿ ಮದರಸಾ ಕಟ್ಟಿಸಿದ್ದರಿಂದ, ಉನ್ನತ ವಿದ್ಯೆಗಾಗಿ ದೂರದೂರುಗಳಿಂದ ಬಂದು ನೆಲೆಸುವವರ ನಂಟು ಈ ನೆಲಕ್ಕೆ ಹಳೆಯದು. 1959ರ ಜನವರಿ 28ರಂದು ಬ್ರಿಟನ್ನಿನ ರಾಜಕುಮಾರ ಫಿಲಿಪ್ ಅಡಿಗಲ್ಲು ಇಟ್ಟ ಎಂಜಿನಿಯರಿಂಗ್ ಕಾಲೇಜು ಮುಂದೆ ದೆಹಲಿಯ ಐಐಟಿಯಾಗಿ ಬೆಳೆದದ್ದೂ ಇಲ್ಲಿಯೇ. ಅದರ ಪಕ್ಕದ ಸಿರಿ ಕೋಟೆಯ ಬಯಲಿನಲ್ಲಿ 1982ರ ಏಷ್ಯನ್ ಕ್ರೀಡಾಕೂಟದ ಆಟಗಾರರಿಗಾಗಿ ವಸತಿ ಗ್ರಾಮವೊಂದು ಎದ್ದಿತು. ಭಾರತದ ಮನೆಗಳು ಬಣ್ಣದ ಟೆಲಿವಿಷನ್ನಿನಲ್ಲಿ ಆಟ ನೋಡಲು ತೊಡಗಿದ್ದು ಆ ವರ್ಷ. ದೇಶದ ಕ್ರೀಡಾ ಪ್ರಸಾರದ ದೊಡ್ಡ ತಿರುವಿಗೂ ದೇಶದ ಹೆಸರಾಂತ ಕ್ಯಾಂಪಸ್ಸಿಗೂ ನಡುವೆ ಇರುವ ದೂರ ನಡೆದು ಹೋಗುವಷ್ಟು. ಆದರೂ ಆ ಕ್ಯಾಂಪಸ್ಸಿನ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದನ್ನು ವಿಜಯಪುರದಲ್ಲೋ ದಾವಣಗೆರೆಯಲ್ಲೋ ಇರುವ ತಂದೆತಾಯಿ ನೋಡಬೇಕೆಂದರೆ ಅವರ ಮುಂದಿರುವ ದಾರಿ, ಮಗ ಅಥವಾ ಮಗಳ ಗೆಳೆಯರಲ್ಲಿ ಯಾರಾದರೂ ಮೊಬೈಲ್ ಹಿಡಿದು ನಿಲ್ಲುತ್ತಾರೋ ಎಂದು ಕಾಯುವುದು.

ಕಾಲೇಜು ಕೂಟದ ಅಭಿಮಾನಿ ಯಾರು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳದೆ ಈ ಚರ್ಚೆ ಮುಂದೆ ಸಾಗದು. ಕ್ರಿಕೆಟ್ಟಿನ ಅಭಿಮಾನಿ ಆಟಗಾರನನ್ನು ಪರದೆಯಲ್ಲಿ ಕಂಡು ಮೆಚ್ಚಿದವನು. ಕಾಲೇಜು ಕೂಟದ ಅಭಿಮಾನಿ ಆಟಗಾರನನ್ನು ಮೊದಲೇ ಬಲ್ಲವನು. ಹಾಸ್ಟೆಲಿನ ಪಕ್ಕದ ಕೋಣೆಯವರು, ಅದೇ ಅಂಕಣದಲ್ಲಿ ಒಂದು ಕಾಲಕ್ಕೆ ಆಡಿ ಈಗ ಬೆಂಗಳೂರು, ಪುಣೆ, ಸಿಂಗಪುರಗಳಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿಗಳು, ತಾವು ತಿದ್ದಿ ಬೆಳೆಸಿದ ಹುಡುಗಿ ಹೇಗೆ ಆಡುತ್ತಿದ್ದಾಳೆಂದು ತಿಳಿಯಬಯಸುವ ಊರಿನ ಶಾಲೆಯ ದೈಹಿಕ ಶಿಕ್ಷಕರು, ಮನೆಯವರು: ಇವರೇ ಆ ಬಳಗ. ಸಂಖ್ಯೆಯಲ್ಲಿ ಚಿಕ್ಕದಾದರೂ ನಿಷ್ಠೆಯಲ್ಲಿ ಗಟ್ಟಿಯಾದ ಈ ಬಳಗ ಪಂದ್ಯ ಚೆನ್ನಾಗಿರಲಿ, ಬಿಡಲಿ, ನೋಡಿಯೇ ತೀರುತ್ತದೆ. ಆದರೆ ಇವರೆಲ್ಲರೂ ತಮ್ಮ ತಮ್ಮ ಕೆಲಸದ ನಡುವೆ ಹೊತ್ತು ಹೊಂದಿಸಿಕೊಳ್ಳಬೇಕಾದವರು. ಟೆಲಿವಿಷನ್ ವಾಹಿನಿಯನ್ನು ಸುಮ್ಮನೆ ಹಾಕಿಕೊಂಡು ಕೂತು ಬಂದದ್ದನ್ನು ನೋಡುವ ಪ್ರೇಕ್ಷಕನಿಗಿಂತ ಇವರಿಗೆ ನಿಖರವಾದ ವೇಳೆಯ ಅಗತ್ಯ ಹೆಚ್ಚು.

ಇಂಥ ಕೂಟಗಳ ವೇಳಾಪಟ್ಟಿಗೆ ಆಟದ ವಲಯದಲ್ಲಿ ‘ಫಿಕ್ಸ್ಚರ್’ ಎಂದು ಹೆಸರು; ಯಾರ ವಿರುದ್ಧ ಯಾರು, ಯಾವ ಸುತ್ತಿನಲ್ಲಿ ಆಡಬೇಕೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವ ಕ್ರಿಯೆ ‘ಡ್ರಾ’. ಹೆಚ್ಚಿನ ಕೂಟಗಳಲ್ಲಿ ತಂಡಗಳ ವ್ಯವಸ್ಥಾಪಕರ ಸಭೆ ಪಂದ್ಯಗಳ ಹಿಂದಿನ ದಿನ ಸಂಜೆ ಸೇರುತ್ತದೆ, ಡ್ರಾ ಅಲ್ಲಿ ಎತ್ತಲಾಗುತ್ತದೆ, ರಾತ್ರಿ ಒಂದು ಹಾಳೆ ಮುದ್ರಣವಾಗಿ ಜಿಮ್‌ನ ಬಾಗಿಲಿಗೆ ಅಂಟಿಕೊಳ್ಳುತ್ತದೆ. ಆ ಹಾಳೆಯನ್ನು ಹತ್ತಿರದಿಂದ ನೋಡಿದರೆ ಸಮಸ್ಯೆಯ ಸ್ವರೂಪ ತಾನಾಗಿ ಕಾಣುತ್ತದೆ. ಮೊದಲ ಪಂದ್ಯದ ಎದುರು ಬೆಳಿಗ್ಗೆ 7 ಗಂಟೆ ಎಂದಿರುತ್ತದೆ. ಎರಡನೆಯದರ ಎದುರು ‘ಮೊದಲ ಪಂದ್ಯದ ನಂತರ’. ಕೆಳಗಿನ ಸಾಲುಗಳಲ್ಲಿ ತಂಡಗಳ ಹೆಸರೇ ಇಲ್ಲದೆ ‘3ನೇ ಪಂದ್ಯದ ವಿಜೇತರು’ ಮತ್ತು ‘5ನೇ ಪಂದ್ಯದ ವಿಜೇತರು’. ತಡವಾಗಿ ಬಂದ ತಂಡವೊಂದಕ್ಕಾಗಿ ಪೆನ್ನಿನಲ್ಲಿ ಅದಲುಬದಲು ಮಾಡಿದ ಬಾಣದ ಗುರುತು. ಮೂಲೆಯಲ್ಲಿ ಮೊಬೈಲ್ ಫೋಟೊಗೆಂದು ಯಾರೋ ಸರಿಸಿದ ಅಂಟುಪಟ್ಟಿ. ಆ ಫೋಟೊವೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತ, ತಿದ್ದುಪಡಿ ಆದ ಮೇಲೂ ಹಳೆಯ ರೂಪದಲ್ಲಿಯೇ ಉಳಿದು, ಸಾವಿರಾರು ಕಿಲೋಮೀಟರ್ ದೂರದ ನೋಡುಗರಿಗೆ ಅದೊಂದೇ ಆಧಾರವಾಗುತ್ತದೆ. ಅಭಿಮಾನಿಗಳ ದೂರಿನ ಬಹುಪಾಲು ಈ ಒಂದು ಹಾಳೆಯೊಳಗೇ ಅಡಗಿದೆ.

ಕೂಟ ನಡೆಸುವವರು ಇದಕ್ಕೆ ಕೊಡುವ ಉತ್ತರವನ್ನು ಹಗುರವಾಗಿ ಕಾಣುವಂತಿಲ್ಲ. ತಂಡಗಳು ರೈಲಿನಲ್ಲಿ ಬರುತ್ತವೆ, ರೈಲು ತಡವಾಗುತ್ತದೆ, ನೋಂದಾಯಿಸಿದ ಕೆಲವು ತಂಡಗಳು ಬರುವುದೇ ಇಲ್ಲ, ಎದುರಾಳಿ ಬಾರದಿದ್ದಾಗ ಆಡದೆಯೇ ಗೆಲುವು ಕೊಡುವ ‘ವಾಕ್‌ಓವರ್’ಗಳಿಂದ ಇಡೀ ದಿನದ ಲೆಕ್ಕ ತಪ್ಪುತ್ತದೆ ಎಂಬುದು ಅವರ ವಾದ. ಆದರೆ ಲೆಕ್ಕವನ್ನೇ ಹಾಕಿ ನೋಡಿದರೆ ತೊಂದರೆ ಅಷ್ಟು ದೊಡ್ಡದೆನಿಸುವುದಿಲ್ಲ. ದೇಶದಲ್ಲಿರುವ ಐಐಟಿಗಳ ಸಂಖ್ಯೆ 23. ಅಷ್ಟೂ ತಂಡಗಳು ಭಾಗವಹಿಸುವ ಕೂಟವೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಂಡು, ತಂಡಗಳನ್ನು ನಾಲ್ಕು ಗುಂಪು ಮಾಡಿ, ಗುಂಪಿನೊಳಗೆ ಪ್ರತಿಯೊಬ್ಬರೂ ಪ್ರತಿಯೊಬ್ಬರ ವಿರುದ್ಧ ಆಡುವ ಲೀಗ್ ಪದ್ಧತಿಯನ್ನು ಅನುಸರಿಸಿದರೆ, ಆರು ತಂಡಗಳ ಮೂರು ಗುಂಪುಗಳಲ್ಲಿ ತಲಾ 15, ಐದು ತಂಡಗಳ ಒಂದು ಗುಂಪಿನಲ್ಲಿ 10, ಒಟ್ಟು 55 ಪಂದ್ಯಗಳಾಗುತ್ತವೆ; ಸೋತವರು ಹೊರಬೀಳುವ ನಾಕೌಟ್ ಹಂತದ ಎಂಟು ಪಂದ್ಯಗಳನ್ನು ಸೇರಿಸಿದರೆ 63. ಅಂತರರಾಷ್ಟ್ರೀಯ ನಿಯಮದಂತೆ ತಲಾ 10 ನಿಮಿಷದ ನಾಲ್ಕು ಕ್ವಾರ್ಟರ್‌ಗಳ ಪಂದ್ಯ ವಾಸ್ತವದಲ್ಲಿ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆಂದು ಭಾವಿಸಿದರೂ ಎರಡು ಅಂಕಣಗಳಲ್ಲಿ, ಎಂಟು ದಿನಗಳಲ್ಲಿ, ದಿನಕ್ಕೆ ಆರು ಗಂಟೆಯ ಆಟದೊಳಗೆ ಕೂಟ ಮುಗಿಯುತ್ತದೆ. ಪಂದ್ಯಗಳ ನಡುವೆ ಅರ್ಧ ಗಂಟೆ ಖಾಲಿ ಬಿಟ್ಟರೂ ಹಗಲಿನ ಬೆಳಕು ಉಳಿಯುತ್ತದೆ. ಹೀಗಿರುವಾಗ ‘ಮೊದಲ ಪಂದ್ಯದ ನಂತರ’ ಎಂದು ಬರೆಯುವುದು ಅನಿವಾರ್ಯವೆನ್ನುವುದಕ್ಕಿಂತ ರೂಢಿಯೆನ್ನುವುದೇ ಸರಿ. ವಾಕ್‌ಓವರ್ ಆದರೆ ಆ ಅವಧಿ ಖಾಲಿ ಉಳಿಯಲಿ. ಮುಂದಿನ ಪಂದ್ಯವನ್ನು ಹಿಂದಕ್ಕೆ ಎಳೆದು ತರುವುದರಿಂದ ಸಂಘಟಕರಿಗೆ ಉಳಿಯುವ ಒಂದು ಗಂಟೆಗಾಗಿ ನೋಡುಗರು ಇಡೀ ಪಂದ್ಯವನ್ನು ಕಳೆದುಕೊಳ್ಳುತ್ತಾರೆ.

ಕಾಲೇಜು ಬ್ಯಾಸ್ಕೆಟ್‌ಬಾಲನ್ನು ಒಂದು ದೇಶದ ಹಬ್ಬವಾಗಿ ಬೆಳೆಸಿದ ಅಮೆರಿಕದ ಅನುಭವ ಇಲ್ಲಿ ಎರಡು ಬಗೆಯ ಪಾಠವನ್ನೂ ಕೊಡುತ್ತದೆ. ಅಲ್ಲಿನ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟವಾದ ಎನ್‌ಸಿಎಎ 1939ರಲ್ಲಿ ಎಂಟು ತಂಡಗಳೊಂದಿಗೆ ಆರಂಭಿಸಿದ ಕೂಟ 1985ರಲ್ಲಿ 64 ತಂಡಗಳಿಗೂ 2011ರಲ್ಲಿ 68 ತಂಡಗಳಿಗೂ ವಿಸ್ತರಿಸಿತು. ಯಾವ ತಂಡ ಯಾರ ವಿರುದ್ಧ ಆಡಬೇಕೆಂಬ ಪೂರ್ಣ ನಕ್ಷೆಯನ್ನು ಮಾರ್ಚ್ ತಿಂಗಳ ಒಂದು ಭಾನುವಾರ ದೇಶದೆದುರು ಪ್ರಕಟಿಸುವುದೇ ಅಲ್ಲಿ ಒಂದು ಪ್ರಸಾರ ಕಾರ್ಯಕ್ರಮ. ಆ ನಕ್ಷೆಯನ್ನು ಕೈಯಲ್ಲಿ ಹಿಡಿದು ಫಲಿತಾಂಶಗಳನ್ನು ಊಹಿಸಿ ತುಂಬುವುದು ಆಟದ ಗಂಧವಿಲ್ಲದವರೂ ಪಾಲ್ಗೊಳ್ಳುವ ರೂಢಿ. ಹೌಜ್ ಖಾಸ್‌ನ ಜಿಮ್ ಬಾಗಿಲಿಗೂ ಅಂಥದೊಂದು ಹಾಳೆಯೇ ಅಂಟಬೇಕಾದದ್ದು. ವ್ಯತ್ಯಾಸವಿರುವುದು ಅದನ್ನು ಪ್ರಕಟಿಸುವ ಹೊತ್ತಿನಲ್ಲಿ ಮತ್ತು ಪ್ರಕಟಿಸಿದ ಮೇಲೆ ಅದಕ್ಕೆ ಬದ್ಧರಾಗಿರುವುದರಲ್ಲಿ. ಪ್ರಸಾರದ ವಿಷಯದಲ್ಲಿ ಅಲ್ಲಿನ ಅಭಿಮಾನಿಗಳೂ ದೀರ್ಘಕಾಲ ಕೊರಗಿದವರೇ. ಒಂದೇ ವಾಹಿನಿಯ ಕೈಯಲ್ಲಿ ಹಕ್ಕು ಇದ್ದಷ್ಟು ಕಾಲ, ಏಕಕಾಲಕ್ಕೆ ನಡೆಯುವ ಪಂದ್ಯಗಳಲ್ಲಿ ಯಾವುದನ್ನು ಯಾವ ಪ್ರದೇಶಕ್ಕೆ ತೋರಿಸಬೇಕೆಂದು ವಾಹಿನಿಯೇ ನಿರ್ಧರಿಸುತ್ತಿದ್ದುದರಿಂದ, ಊರು ಬಿಟ್ಟು ಬೇರೆ ಕಡೆ ನೆಲೆಸಿದವರಿಗೆ ತಮ್ಮ ಕಾಲೇಜಿನ ಪಂದ್ಯ ಹಲವು ಸಲ ಟೆಲಿವಿಷನ್ನಿನಲ್ಲಿ ಕೈಗೆಟುಕುತ್ತಿರಲಿಲ್ಲ. 14 ವರ್ಷಗಳಿಗೆ 1,080 ಕೋಟಿ ಡಾಲರಿನ ಒಪ್ಪಂದ 2011ರಲ್ಲಿ ಜಾರಿಗೆ ಬಂದ ಮೇಲಷ್ಟೇ ಪ್ರತಿ ಪಂದ್ಯವೂ ನಾಲ್ಕರಲ್ಲಿ ಒಂದು ವಾಹಿನಿಯಲ್ಲಿ ದೇಶಪೂರ್ತಿ ಕಾಣುವಂತಾಯಿತು, ಪಂದ್ಯಗಳ ಆರಂಭವನ್ನು ಹಿಂದುಮುಂದು ಮಾಡಿದ್ದರಿಂದ ರೋಚಕ ಕೊನೆಗಳು ಒಂದರ ಮೇಲೊಂದು ಬೀಳುವುದೂ ಕಡಿಮೆಯಾಯಿತು.

ಆ ಹಣಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಅಲ್ಲಿ ಪುರುಷರ ಪಂದ್ಯದ 20 ನಿಮಿಷದ ಪ್ರತಿ ಅರ್ಧದಲ್ಲಿ 16, 12, 8 ಮತ್ತು 4 ನಿಮಿಷ ಉಳಿದ ಘಟ್ಟಗಳ ಬಳಿಕ ಆಟ ನಿಂತ ಕೂಡಲೇ ಜಾಹೀರಾತಿಗಾಗಿ ಬಿಡುವು ಕೊಡಬೇಕೆಂಬ ನಿಯಮವಿದ್ದು, ತರಬೇತುದಾರರು ಕೇಳುವ ಟೈಮ್‌ಔಟ್‌ಗಳು ಇದಕ್ಕೆ ಪ್ರತ್ಯೇಕವಾಗಿರುವುದರಿಂದ, ಓಡಿ ಆಡುವ ಆಟವೊಂದು ನಿಂತು ನಿಂತು ಸಾಗುತ್ತದೆ. ಪುರುಷರ ಅಂತಿಮ ಪಂದ್ಯ ಪೂರ್ವ ಕರಾವಳಿಯ ವೇಳೆಯಂತೆ ಸೋಮವಾರ ರಾತ್ರಿ 9ರ ಸುಮಾರಿಗೆ ಶುರುವಾಗಿ ಮಧ್ಯರಾತ್ರಿಯ ಹತ್ತಿರ ಮುಗಿಯುವುದರಿಂದ ಮರುದಿನ ಶಾಲೆಗೆ ಹೋಗಬೇಕಾದ ಮಕ್ಕಳು ಅದನ್ನು ನೋಡುವಂತಿಲ್ಲ ಎಂಬುದು ಅಲ್ಲಿನ ಹಳೆಯ ದೂರು. ಟೆಲಿವಿಷನ್ನನ್ನು ಅಂಕಣದ ಯಜಮಾನನಾಗಿ ಒಪ್ಪಿಕೊಂಡ ಮೇಲೆ ಹೊತ್ತನ್ನು ಹಿಂದಕ್ಕೆ ಪಡೆಯುವುದು ಸುಲಭವಲ್ಲ. ಭಾರತದ ಕಾಲೇಜು ಕೂಟಗಳು ಇನ್ನೂ ಆ ಒಪ್ಪಂದಕ್ಕೆ ಕೈಹಾಕಿಲ್ಲ, ಆದ್ದರಿಂದ ಷರತ್ತುಗಳನ್ನು ಮೊದಲೇ ಬರೆದಿಡುವ ಅವಕಾಶ ಇಲ್ಲಿ ಉಳಿದಿದೆ.

ಅಮೆರಿಕದ ಮಹಿಳಾ ಕೂಟದ ಇತ್ತೀಚಿನ ಚರಿತ್ರೆ ಇದಕ್ಕಿಂತ ಹೆಚ್ಚು ಗಮನಾರ್ಹ. ವರ್ಷಗಟ್ಟಲೆ ಹಣ ಕೊಟ್ಟು ನೋಡುವ ಕೇಬಲ್ ವಾಹಿನಿಗೆ ಸೀಮಿತವಾಗಿದ್ದ ಮಹಿಳೆಯರ ಅಂತಿಮ ಪಂದ್ಯವನ್ನು 2023ರಲ್ಲಿ ಎಲ್ಲರಿಗೂ ಮುಕ್ತವಾದ ಎಬಿಸಿ ವಾಹಿನಿಗೆ, ಅದೂ ಭಾನುವಾರ ಮಧ್ಯಾಹ್ನಕ್ಕೆ ತಂದಾಗ ನೋಡುಗರ ಸಂಖ್ಯೆ ಹಿಂದಿನ ವರ್ಷದ ಸುಮಾರು 49 ಲಕ್ಷದಿಂದ ಸುಮಾರು 99 ಲಕ್ಷಕ್ಕೆ ಏರಿತು. 2024ರಲ್ಲಿ ಸೌತ್ ಕೆರೊಲಿನಾ ಮತ್ತು ಅಯೋವಾ ತಂಡಗಳ ನಡುವಣ ಅಂತಿಮ ಪಂದ್ಯವನ್ನು ಸುಮಾರು 1.9 ಕೋಟಿ ಜನ ನೋಡಿದರು, ಅದೇ ವರ್ಷದ ಪುರುಷರ ಅಂತಿಮ ಪಂದ್ಯದ ನೋಡುಗರು 1.5 ಕೋಟಿಯನ್ನು ಮುಟ್ಟಲಿಲ್ಲ. ಕೇಟ್ಲಿನ್ ಕ್ಲಾರ್ಕ್ ಎಂಬ ಅಸಾಮಾನ್ಯ ಆಟಗಾರ್ತಿ ಎರಡೂ ವರ್ಷ ಅಯೋವಾ ಪರ ಆಡಿದ್ದು ಇದಕ್ಕೆ ದೊಡ್ಡ ಕಾರಣವೆಂಬುದು ನಿಜ. ಆದರೆ ಅವಳಂಥವಳೊಬ್ಬಳು ಬಂದಾಗ ನೋಡಲು ಜನರಿಗೆ ಅನುಕೂಲವಾದ ಹೊತ್ತೂ ಮುಕ್ತವಾದ ವಾಹಿನಿಯೂ ಸಿದ್ಧವಾಗಿದ್ದವು ಎಂಬುದೂ ಅಷ್ಟೇ ನಿಜ. ನಮ್ಮ ಕೂಟಗಳಲ್ಲಿ ಮಹಿಳೆಯರ ಪಂದ್ಯಗಳನ್ನು ಬೆಳಗಿನ ಚಳಿಗೆ ಹಾಕಿ, ದೀಪ ಹಾಕಿದ ಸಂಜೆಯ ಅಂಕಣವನ್ನು ಪುರುಷರಿಗೆ ಕಾದಿರಿಸುವ ಪರಿಪಾಠವನ್ನು ಆಟಗಾರ್ತಿಯರ ಗುಣಮಟ್ಟದ ಮಾತೆತ್ತಿ ಸಮರ್ಥಿಸುವವರು ಈ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಪ್ರಸಾರಕ್ಕೆ ಹಣವೆಲ್ಲಿಂದ ಎಂಬ ಪ್ರಶ್ನೆಗೆ ಉತ್ತರವಿರುವುದು ಅಮೆರಿಕದಲ್ಲಲ್ಲ, ಕರಾವಳಿ ಕರ್ನಾಟಕದಲ್ಲಿ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕಂಬಳಗಳಿಗೆ ಋತುವಿನ ಆರಂಭದಲ್ಲಿಯೇ ಯಾವ ಶನಿವಾರ ಯಾವ ಊರಿನಲ್ಲಿ ಎಂಬ ಪಟ್ಟಿ ಹೊರಬೀಳುತ್ತದೆ. ಪಂದ್ಯಗಳು ರಾತ್ರಿಯೆಲ್ಲ ನಡೆದು ಮರುದಿನಕ್ಕೆ ಜಾರುವುದುಂಟಾದರೂ ನಿಗದಿಯಾದ ದಿನ ಜಾರುವುದು ಅಪರೂಪ. ಹಲವು ಕ್ಯಾಮೆರಾ, ಕೋಣಗಳು ಓಡುವ ಕರೆಯಂಚಿನ ಸಮಯದ ಅಂಕಿ, ತುಳು ಮತ್ತು ಕನ್ನಡದ ವೀಕ್ಷಕ ವಿವರಣೆಗಳೊಂದಿಗೆ ಅವು ಯೂಟ್ಯೂಬಿನಲ್ಲಿ ನೇರವಾಗಿ ಬಿತ್ತರವಾಗುತ್ತವೆ, ಮುಂಬೈಯಲ್ಲೂ ಕೊಲ್ಲಿ ದೇಶಗಳಲ್ಲೂ ಇರುವ ಊರಿನವರು ನೋಡುತ್ತಾರೆ. ದೊಡ್ಡ ವಾಹಿನಿಯೊಂದು ಬರಲೆಂದು ಕಂಬಳ ಕಾಯಲಿಲ್ಲ; ಸ್ಥಳೀಯ ವಿಡಿಯೊ ಚಿತ್ರೀಕರಣದವರೇ ಆ ಕೌಶಲವನ್ನು ಬೆಳೆಸಿಕೊಂಡರು. ಗದ್ದೆಯ ಕೆಸರಿನ ಪಕ್ಕದಲ್ಲಿ ಸಾಧ್ಯವಾದದ್ದು, ವಿದ್ಯುತ್ತೂ ವೇಗದ ಇಂಟರ್‌ನೆಟ್ಟೂ ಎಲೆಕ್ಟ್ರಾನಿಕ್ಸ್ ವಿಭಾಗವೂ ಇರುವ ತಾಂತ್ರಿಕ ವಿದ್ಯಾಲಯದ ಅಂಕಣದಲ್ಲಿ ಅಸಾಧ್ಯವಾಗಲಾರದು.

ಹಾಗೆಂದು ಒಂದು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಇಡುವುದನ್ನು ಪ್ರಸಾರವೆನ್ನಲಾಗದು. ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ನೆಲಮಟ್ಟದಲ್ಲಿ, ಮಧ್ಯಗೆರೆಯ ಬಳಿ ಇಟ್ಟ ಕ್ಯಾಮೆರಾದಲ್ಲಿ ಹತ್ತಿರದ ಆಟಗಾರನ ಬೆನ್ನು ಇಡೀ ಚೌಕಟ್ಟನ್ನು ತುಂಬುತ್ತದೆ, ಚೆಂಡು ಬುಟ್ಟಿಗೆ ಬಿದ್ದದ್ದು ಕಾಣದೆ ಬಲೆ ಅಲುಗಿದ್ದಷ್ಟೇ ಕಾಣುತ್ತದೆ, ಅಂಕ ತೋರಿಸುವ ಫಲಕ ಚೌಕಟ್ಟಿನ ಹೊರಗೆ ಉಳಿಯುತ್ತದೆ, ಕರೆಯೊಂದು ಬಂದರೆ ಚಿತ್ರವೇ ನಿಂತುಹೋಗುತ್ತದೆ. ದೂರದ ನೋಡುಗರು ಪದೇಪದೇ ಕೇಳುವುದು ಅಂಕ ಎಷ್ಟು, ಯಾವ ಕ್ವಾರ್ಟರ್, ಎಷ್ಟು ಸಮಯ ಉಳಿದಿದೆ ಎಂಬ ಮೂರೇ ಸಂಗತಿಗಳನ್ನು. ಗ್ಯಾಲರಿಯ ಎತ್ತರದಲ್ಲಿ ಒಂದು ಕ್ಯಾಮೆರಾ, ಅಂಕಗಳನ್ನು ಪರದೆಯ ಮೂಲೆಗೆ ತುಂಬಲು ಒಬ್ಬ ವಿದ್ಯಾರ್ಥಿ, ಆಟ ಬಲ್ಲ ಒಂದು ದನಿ: ಇಷ್ಟಿದ್ದರೆ ಅಭಿಮಾನಿಯ ಕನಿಷ್ಠ ಬೇಡಿಕೆ ಈಡೇರುತ್ತದೆ.

ಸಾರ್ವಜನಿಕ ಪ್ರಸಾರದ ಹೊಣೆಯೂ ಇಲ್ಲಿ ಎದುರಾಗುತ್ತದೆ. 1993ರ ಹೀರೊ ಕಪ್ ಕ್ರಿಕೆಟ್ ಪ್ರಸಾರದ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋದಾಗ, 1995ರ ಫೆಬ್ರವರಿ 9ರ ತೀರ್ಪು ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸಾರಿತು. 1998ರಲ್ಲಿ ದೂರದರ್ಶನದ ಕ್ರೀಡಾ ವಾಹಿನಿ ಶುರುವಾಯಿತು. ರಾಷ್ಟ್ರೀಯ ಮಹತ್ವದ್ದೆಂದು ಕೇಂದ್ರ ಸರ್ಕಾರ ಘೋಷಿಸಿದ ಪಂದ್ಯಗಳ ನೇರ ಪ್ರಸಾರವನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂಬ ಕಾನೂನು 2007ರಲ್ಲಿ ಬಂತು. ಆ ಕಾನೂನಿನ ಒತ್ತು ಈಗಾಗಲೇ ಜನಪ್ರಿಯವಾದ ಆಟಗಳನ್ನು ಬಡವರ ಮನೆಗೂ ಮುಟ್ಟಿಸುವುದರ ಮೇಲಿದೆ. ಸಾರ್ವಜನಿಕ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯಗಳ ಆಟವನ್ನು ಜನರೆದುರು ಇಡುವುದು ಅದೇ ತತ್ವದ ಇನ್ನೊಂದು ಮುಖ. 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾಗಿ, 2022ರ ಏಪ್ರಿಲ್–ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಈ ದಿಕ್ಕಿನ ಹೆಜ್ಜೆ. ಆದರೆ ಅದು ಮೇಲಿನ ತುದಿ. ಅದಕ್ಕೆ ಮೊದಲು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಆಶ್ರಯದಲ್ಲಿ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ವಲಯಗಳ ಪಂದ್ಯಗಳು ನಡೆದು, ಅಲ್ಲಿ ಮೇಲೆ ಬಂದವರು ಅಖಿಲ ಭಾರತ ಕೂಟಕ್ಕೆ ಏರುವ ದೀರ್ಘ ಹಾದಿಯಿದೆ. ತಂಡವೊಂದರ ಕಥೆ ರೂಪುಗೊಳ್ಳುವುದು ಆ ಹಾದಿಯಲ್ಲಿ, ಮತ್ತು ಅದನ್ನು ಕಂಡವರು ಅಂಕಣದ ಅಂಚಿನಲ್ಲಿ ನಿಂತಿದ್ದವರು ಮಾತ್ರ.

ದೆಹಲಿಯ ಮಟ್ಟಿಗೆ ವೇಳಾಪಟ್ಟಿಯ ಪ್ರಶ್ನೆ ಉಸಿರಾಟದ ಪ್ರಶ್ನೆಯೂ ಹೌದು. 1961ರಿಂದ ನಡೆದುಬಂದಿರುವ ಅಂತರ ಐಐಟಿ ಕ್ರೀಡಾಕೂಟದ ರೂಢಿಯ ತಿಂಗಳು ಡಿಸೆಂಬರ್. ಆಗ ತರಗತಿಗಳಿರುವುದಿಲ್ಲ, ಹಾಸ್ಟೆಲಿನ ಕೋಣೆಗಳು ಹೊರಗಿನ ತಂಡಗಳಿಗೆ ಸಿಗುತ್ತವೆ, ಯಾರ ಪಾಠವೂ ತಪ್ಪುವುದಿಲ್ಲ ಎಂಬ ಅನುಕೂಲಗಳು ಸ್ಪಷ್ಟ. ಆದರೆ ಕೋಣೆಗಳು ಖಾಲಿಯಿರುವುದೆಂದರೆ ಆತಿಥೇಯ ತಂಡದ ಅಭಿಮಾನಿಗಳು ಊರಿಗೆ ಹೋಗಿದ್ದಾರೆಂದೇ ಅರ್ಥ. ತವರು ಅಂಕಣದಲ್ಲಿ ಆಡುವ ತಂಡ ತವರಿನ ಕೂಗಿಲ್ಲದೆ ಆಡುತ್ತದೆ. ಇದರ ಮೇಲೆ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ರಾಜಧಾನಿಯ ವಾಯು ಗುಣಮಟ್ಟ ಸೂಚ್ಯಂಕ ಅನೇಕ ಸಲ 400ನ್ನು ದಾಟಿ ‘ತೀವ್ರ’ ಎಂಬ ವರ್ಗಕ್ಕೆ ಸೇರುತ್ತದೆ. ಎದೆಯುಬ್ಬಸ ಬರುವಂತೆ ಓಡಬೇಕಾದ ಆಟದಲ್ಲಿ ಆಟಗಾರ ಒಳಗೆ ಎಳೆದುಕೊಳ್ಳುವ ಗಾಳಿ ಸುಮ್ಮನೆ ಕುಳಿತವರಿಗಿಂತ ಹಲವು ಪಟ್ಟು ಹೆಚ್ಚು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಕಳವಳ ವ್ಯಕ್ತಪಡಿಸಿದ ಬೆನ್ನಿಗೆ, ರಾಜಧಾನಿ ಪ್ರದೇಶದ ವಾಯು ಗುಣಮಟ್ಟ ನಿರ್ವಹಣಾ ಆಯೋಗ ಆ ಎರಡು ತಿಂಗಳುಗಳಲ್ಲಿ ವಿಶ್ವವಿದ್ಯಾಲಯ, ಕಾಲೇಜು ಮತ್ತು ಕ್ರೀಡಾ ಸಂಸ್ಥೆಗಳು ನಿಗದಿ ಮಾಡಿದ್ದ ದೈಹಿಕ ಕ್ರೀಡಾ ಸ್ಪರ್ಧೆಗಳನ್ನು ಮುಂದೂಡುವಂತೆ ಸೂಚಿಸಿತು. ಆದೇಶ ನ್ಯಾಯವಾದದ್ದೇ. ಆದರೆ ದೆಹಲಿಯ ಚಳಿಗಾಲದ ಹೊಗೆ ಅನಿರೀಕ್ಷಿತ ಅತಿಥಿಯಲ್ಲ. ಪ್ರತಿ ವರ್ಷ ದೀಪಾವಳಿಯ ಆಸುಪಾಸಿನಲ್ಲಿ ಅದು ಇಳಿಯುತ್ತದೆಂದು ತಿಳಿದೂ ಅದೇ ವಾರಗಳಿಗೆ ಕೂಟಗಳನ್ನು ನಿಗದಿ ಮಾಡಿ, ಆಮೇಲೆ ಮುಂದೂಡುವುದರಿಂದ ಆಟಗಾರರ ತಯಾರಿಯೂ ರೈಲಿನ ಟಿಕೆಟ್ಟೂ ನೋಡುಗರ ನಂಬಿಕೆಯೂ ಒಟ್ಟಿಗೆ ಹಾಳಾಗುತ್ತವೆ.

ಹಾಗಾದರೆ ಕೂಟ ಎಂದು ನಡೆಯಬೇಕು? ದೆಹಲಿಯಲ್ಲಿ ಗಾಳಿ ಒಂದಿಷ್ಟು ತಿಳಿಯಾಗಿ, ಬಿಸಿಲು ಇನ್ನೂ ಏರದೆ ಇರುವ ಅವಧಿ ಫೆಬ್ರವರಿಯ ನಡುವಿನಿಂದ ಮಾರ್ಚ್ ಕೊನೆಯವರೆಗೆ. ಹಾಸ್ಟೆಲುಗಳು ಆಗ ತುಂಬಿರುತ್ತವೆ, ಸಂಜೆ ಐದೂವರೆಗೆ ತರಗತಿ ಬಿಟ್ಟವರು ಅಂಕಣದ ಸುತ್ತ ನೆರೆಯಬಲ್ಲರು, ಕೆಲಸ ಮುಗಿಸಿ ಬರುವ ಹಳೆಯ ವಿದ್ಯಾರ್ಥಿಗೆ ಏಳು ಗಂಟೆಯ ಎರಡನೆಯ ಪಂದ್ಯ ಸಿಗುತ್ತದೆ. ಅಡ್ಡಿಯಿರುವುದು ಅದೇ ವಾರಗಳಲ್ಲಿ ಬೀಳುವ ಸೆಮಿಸ್ಟರ್ ನಡುವಿನ ಪರೀಕ್ಷೆಯದು, ಹೊರಗಿನ ತಂಡಗಳ ವಸತಿಯದು. ಒಂದೇ ಊರಿನಲ್ಲಿ ಎಂಟು ದಿನ ಎಲ್ಲರನ್ನೂ ಕೂಡಿಹಾಕುವ ಪದ್ಧತಿಯನ್ನು ಬಿಟ್ಟು, ಗುಂಪಿನ ಪಂದ್ಯಗಳನ್ನು ಎರಡು ಮೂರು ವಾರಾಂತ್ಯಗಳಿಗೆ ಹಂಚಿ, ಹತ್ತಿರದ ಕ್ಯಾಂಪಸ್ಸುಗಳಲ್ಲಿ ನಡೆಸಿ, ಕೊನೆಯ ನಾಲ್ಕು ತಂಡಗಳನ್ನಷ್ಟೇ ಒಂದೆಡೆ ಸೇರಿಸಿದರೆ ವಸತಿಯ ಭಾರ ಬಹುಪಾಲು ಇಳಿಯುತ್ತದೆ. ಪ್ರಯಾಣದ ವೆಚ್ಚ ಸ್ವಲ್ಪ ಏರುತ್ತದೆಂಬುದನ್ನು ಮುಚ್ಚಿಡಬೇಕಿಲ್ಲ. ಪರೀಕ್ಷೆಯ ಅಡ್ಡಿಯನ್ನು ಕ್ರೀಡಾ ವಿಭಾಗ ಒಂದೇ ಬಗೆಹರಿಸಲಾರದು. ಶೈಕ್ಷಣಿಕ ವರ್ಷದ ಪಂಚಾಂಗವನ್ನು ಸೆನೆಟ್ ಸಭೆ ಒಪ್ಪುವ ದಿನ, ಪರೀಕ್ಷೆಯ ವಾರಗಳ ಪಕ್ಕದಲ್ಲಿಯೇ ಕೂಟದ ವಾರಾಂತ್ಯಗಳನ್ನೂ ಗುರುತಿಸಿ, ಅಂತಿಮ ಪಂದ್ಯಗಳ ದಿನಾಂಕ ಮತ್ತು ಗಂಟೆಯನ್ನು, ಮಹಿಳೆಯರದು ಒಂದು ವರ್ಷ ಕೊನೆಗೆ, ಪುರುಷರದು ಮರುವರ್ಷ ಕೊನೆಗೆ ಎಂಬ ಸರದಿಯೊಂದಿಗೆ, ಜುಲೈ ತಿಂಗಳಲ್ಲಿಯೇ ಅಚ್ಚು ಹಾಕಿಸುವುದು ಆ ಸಭೆಯ ಕೈಯಲ್ಲಿರುವ ಕೆಲಸ.